ಶಿವಮ್ಮ ಕಟ್ಟದ ಕಂದಾಯ

ಕರಡಿಕಲ್ಲುದೊಡ್ಡಿ, ಹನೂರು ತಾಲ್ಲೂಕು
9 ಫೆಬ್ರವರಿ 2025

ಪ್ರೀತಿಯ ಮಾವನಿಗೆ,

ಮೋನಿಕಾಳ ನಮಸ್ಕಾರ. ಫೋನಿನಲ್ಲಿ ಹೇಳಿದ್ದು ದಾಖಲೆಯಾಗುವುದಿಲ್ಲ, ಏನಿದ್ದರೂ ಬರೆದು ತಿಳಿಸು ಎಂದು ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ನೀವು ಕಟ್ಟಪ್ಪಣೆ ಮಾಡಿದಾಗ ನನಗೆ ನಗು ಬಂದಿತ್ತು. ಇಲ್ಲಿಗೆ ಬಂದರೆ ಫೋನಿಗೆ ಸಿಗ್ನಲ್ಲೇ ಇಲ್ಲ. ಪಂಚಾಯಿತಿ ಕಚೇರಿಯ ಮೆಟ್ಟಿಲ ಮೇಲೆ ಬಲಕ್ಕೆ ತಿರುಗಿ ನಿಂತರೆ ಒಂದು ಕಡ್ಡಿ ಬರುತ್ತದೆ, ಕೆಮ್ಮಿದರೆ ಹೋಗುತ್ತದೆ. ನೀವೇ ಗೆದ್ದಿರಿ ಬಿಡಿ.

ಕೆಲಸಕ್ಕೆ ಸೇರಿ ಎರಡು ವಾರವಾಯಿತು. ದ್ವಿತೀಯ ದರ್ಜೆ ಲೆಕ್ಕ ಸಹಾಯಕಿ ಎಂದು ಬಾಗಿಲ ಪಕ್ಕದ ಬೋರ್ಡಿನಲ್ಲಿ ನನ್ನ ಹೆಸರು ಬರೆಸಿದ್ದಾರೆ. ನನ್ನನ್ನು ಬಿಡಲು ಕೊಳ್ಳೇಗಾಲದಿಂದ ಬಂದ ಅಪ್ಪ ಆ ಬೋರ್ಡಿನ ಮುಂದೆ ಚಪ್ಪಲಿ ಬಿಟ್ಟು ನಿಂತರು. ನಾಲ್ಕು ಜನ ನೋಡುತ್ತಿದ್ದರು, ನನಗೆ ನಾಚಿಕೆಯಾಯಿತು. ವಾಪಸ್ ಹೋಗುವಾಗ ಮತ್ತೊಂದು ಸಲ ಬಿಟ್ಟು ನಿಂತರು.

ಮಾವ, ಒಂದು ಊರು ಇಷ್ಟು ದೊಡ್ಡದಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ! ಒಂಬತ್ತು ಹಟ್ಟಿ, ಸಾವಿರದ ನೂರ ನಲವತ್ತೆಂಟು ಮನೆ, ಇನ್ನೂರ ಹದಿನಾಲ್ಕು ಬೀದಿ ದೀಪ, ಹನ್ನೊಂದು ಬೋರ್‌ವೆಲ್. ಯಾವ ಮೋಟಾರು ಯಾವ ವರ್ಷ ಸುಟ್ಟುಹೋಯಿತು, ಯಾರ ಮನೆಗೆ ಯಾವ ದಿನ ನಲ್ಲಿ ಬಂತು, ಎಲ್ಲವೂ ರಿಜಿಸ್ಟರಿನಲ್ಲಿದೆ. ಇಪ್ಪತ್ತಮೂರು ವರ್ಷ ಕೊಳ್ಳೇಗಾಲದ ನಮ್ಮ ದೇವಾಂಗ ಪೇಟೆಯ ಬೀದಿಯಲ್ಲಿ ಓಡಾಡಿದೆ. ಒಂದು ಬಲ್ಬು ಹೊತ್ತಿಕೊಳ್ಳಬೇಕಾದರೆ ಎಲ್ಲೋ ಒಬ್ಬರು ಕೂತು ಅದನ್ನು ಬರೆದಿರಬೇಕು ಎಂದು ಒಂದು ದಿನವೂ ಹೊಳೆಯಲಿಲ್ಲವಲ್ಲ! ಇಲ್ಲಿ ಸಂಜೆ ದೀಪ ಹತ್ತಿದಾಗಲೆಲ್ಲ ಕೈಕೆಲಸ ನಿಲ್ಲಿಸಿ ನೋಡುತ್ತೇನೆ.

ಪಿಡಿಒ ಶಾಂತಮೂರ್ತಿ ಸರ್ ಒಳ್ಳೆಯವರು, ಎರಡು ಪಂಚಾಯಿತಿಗೆ ಒಬ್ಬರೇ. ಬಿಲ್ ಕಲೆಕ್ಟರ್ ಗುರುಮಲ್ಲಪ್ಪನವರು ಇಪ್ಪತ್ತನಾಲ್ಕು ವರ್ಷದಿಂದ ಮನೆ ಮನೆಗೆ ಹೋಗಿ ಕಂದಾಯ, ನೀರಿನ ದುಡ್ಡು ವಸೂಲಿ ಮಾಡುತ್ತಿದ್ದಾರೆ. ಅಪ್ಪನ ವಯಸ್ಸು, ಆದರೂ ನನ್ನನ್ನು "ಮೇಡಮ್ಮೋರೆ" ಎನ್ನುತ್ತಾರೆ. ಬೇಡ ಎಂದರೆ, "ಕುರ್ಚಿಗ್ ಅಂತೀವ್ನಿ, ನಿಮ್ಗಲ್ಲ ಬುಡಿ" ಎಂದು ನಗುತ್ತಾರೆ.

ಅತ್ತೆಗೆ ನನ್ನ ನೆನಪು ಹೇಳಿ.

ನಿಮ್ಮ ಮೋನಿ


ಯಳಂದೂರು
17 ಫೆಬ್ರವರಿ 2025

ಚಿ. ಮೋನಿಕಾಗೆ,

ಕಾಗದ ತಲುಪಿತು. ಇಷ್ಟೊಂದು ಆಶ್ಚರ್ಯಸೂಚಕ ಚಿಹ್ನೆ ಲೆಕ್ಕದವರಿಗೆ ಒಳ್ಳೆಯದಲ್ಲ.

ಅವತ್ತಿನ ಕ್ಯಾಶ್ ಬುಕ್ ಅವತ್ತೇ ಮುಗಿಸು. ಪೆನ್ಸಿಲ್ ಮುಟ್ಟಬೇಡ. ಅಕೌಂಟ್ಸ್ ಹೈಯರ್ ಪರೀಕ್ಷೆಗೆ ಅರ್ಜಿ ಕರೆದ ದಿನವೇ ಹಾಕು. ಅದಿಲ್ಲದೆ ತಾಲ್ಲೂಕು ಪಂಚಾಯಿತಿಯೂ ಇಲ್ಲ, ಜಿಲ್ಲಾ ಪಂಚಾಯಿತಿಯೂ ಇಲ್ಲ, ರಿಟೈರ್ ಆಗುವವರೆಗೂ ಅದೇ ಕುರ್ಚಿ. ನಾನು ಅದನ್ನು ಪಾಸು ಮಾಡಿದ್ದು ಮೂರನೆಯ ಸಲಕ್ಕೆ. ನಿಮ್ಮತ್ತೆ ಎರಡನೆಯದು ಅಂದುಕೊಂಡಿದ್ದಾಳೆ, ಹಾಗೇ ಇರಲಿ.

ಊರು ದೊಡ್ಡದು ಎಂದು ಬರೆದಿದ್ದೀಯ. ನಿಜ. ಮೂವತ್ತನಾಲ್ಕು ವರ್ಷ ಪಟ್ಟಣ ಪಂಚಾಯಿತಿಗಳಲ್ಲಿ ಲೆಕ್ಕ ಬರೆದೆ. ಈಗಲೂ ಯಾವ ಊರಿಗೆ ಮದುವೆಗೆ ಹೋದರೂ ಮೊದಲು ನೀರಿನ ಟ್ಯಾಂಕು ಎಲ್ಲಿದೆ ಎಂದು ನೋಡುತ್ತೇನೆ. ಈ ರೋಗ ನಿನಗೂ ಅಂಟಿತು ಎಂದು ಕಾಣುತ್ತದೆ, ಸಂತೋಷ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ಸುಬ್ಬಯ್ಯ


ಕರಡಿಕಲ್ಲುದೊಡ್ಡಿ
6 ಏಪ್ರಿಲ್ 2025

ಪ್ರೀತಿಯ ಮಾವನಿಗೆ,

ಮಾರ್ಚ್ ಮುಗಿಯಿತು. ನಾನು ಬದುಕಿದ್ದೇನೆ.

ವರ್ಷದ ಕೊನೆ ಎಂದರೆ ಹೀಗಿರುತ್ತದೆ ಎಂದು ನೀವು ಮೊದಲೇ ಹೇಳಬಾರದಿತ್ತೇ? ಕಂದಾಯ ವಸೂಲಿಗೆ ಮೆಷಿನ್ ಕೊಟ್ಟಿದ್ದಾರೆ, ಹಟ್ಟಿಗಳಲ್ಲಿ ಅದು ಸಿಗ್ನಲ್ ಇಲ್ಲದೆ ಸತ್ತು ಬೀಳುತ್ತದೆ. ಗುರುಮಲ್ಲಪ್ಪನವರು ಹಳೆಯ ರಸೀತಿ ಪುಸ್ತಕ, ಕಾರ್ಬನ್ ಹಾಳೆ ಹಿಡಿದು ಬಿಸಿಲಲ್ಲಿ ಸುತ್ತಿದರು. ಸಂಜೆ ಬಂದು ದುಡ್ಡಿನ ಚೀಲ, ಪುಸ್ತಕ ಎರಡನ್ನೂ ನನ್ನ ಮೇಜಿನ ಮೇಲಿಟ್ಟು, ಒಂದು ಚೊಂಬು ನೀರು ಕುಡಿದು ಹೋಗುತ್ತಿದ್ದರು.

ಒಂದು ವಿಷಯ ನಿಮಗೆ ಮಾತ್ರ ಹೇಳುತ್ತೇನೆ. ಮಾರ್ಚ್ ಇಪ್ಪತ್ತೆಂಟರ ಸಂಜೆ ಕಾರ್ಬನ್ ಪ್ರತಿಗಳನ್ನೆಲ್ಲ ಕೂಡಿದರೆ ನಲವತ್ತೆಂಟು ಸಾವಿರದ ಆರುನೂರ ಇಪ್ಪತ್ತು. ಚೀಲದಲ್ಲಿ ನಲವತ್ತಾರು ಸಾವಿರದ ಏಳುನೂರ ಅರವತ್ತು. ಸಾವಿರದ ಎಂಟುನೂರ ಅರವತ್ತು ಕಡಿಮೆ! ಅವರು ಆಗಲೇ ಹೊರಟುಹೋಗಿದ್ದರು. "ಎಣ್ಸ್ಕಳಿ ಮೇಡಮ್ಮೋರೆ" ಎಂದು ದಿನವೂ ಹೇಳುತ್ತಾರೆ, ಅಪ್ಪನ ವಯಸ್ಸಿನವರ ಎದುರಿಗೇ ನೋಟು ಎಣಿಸಿದರೆ ಏನು ಚೆನ್ನ ಎಂದು ನಾನು ಒಂದು ದಿನವೂ ಎಣಿಸಿರಲಿಲ್ಲ. ಮೇಜಿನ ಕೆಳಗೆ, ಫೈಲುಗಳ ಸಂದಿಯಲ್ಲಿ, ಕಸದ ಬುಟ್ಟಿಯಲ್ಲಿ ಎಲ್ಲ ಹುಡುಕಿದೆ. ಎಲ್ಲೋ ನಾನೇ ಬೀಳಿಸಿರಬೇಕು. ಮರುದಿನ ಅವರನ್ನು ಕೇಳೋಣವೆಂದರೆ, ಕೇಳಿದ ಹಾಗಲ್ಲ, ಕಳ್ಳ ಅಂದ ಹಾಗೆ.

ಅಪ್ಪನ ನೆನಪಾಯಿತು. ಸಾಹುಕಾರರು ಮಗ್ಗಕ್ಕೆ ಕೊಟ್ಟ ರೇಷ್ಮೆಯೇ ಕಳಪೆಯಿದ್ದು ಸೀರೆಯಲ್ಲಿ ಎಳೆ ಬಿಟ್ಟರೂ ಅಪ್ಪ ವಾದ ಮಾಡಿದವರಲ್ಲ. ಕೂಲಿಯಲ್ಲಿ ಹಿಡಿದುಕೊಳ್ಳಿ ಎಂದು ಸುಮ್ಮನೆ ಬರುತ್ತಾರೆ. ನಮ್ಮ ಕೈಯಲ್ಲಿ ಕೆಟ್ಟದ್ದಕ್ಕೆ ನಾವೇ ತೆರಬೇಕು ಎನ್ನುವುದು ನಮ್ಮ ಬೀದಿಯ ನಡವಳಿಕೆ. ಅಮ್ಮ ಖರ್ಚಿಗೆ ಕೊಟ್ಟಿದ್ದ ದುಡ್ಡಿನಿಂದ ಸಾವಿರದ ಎಂಟುನೂರ ಅರವತ್ತು ತೆಗೆದು ಚೀಲಕ್ಕೆ ಹಾಕಿ ಬ್ಯಾಂಕಿಗೆ ಕಟ್ಟಿದೆ. ಲೆಕ್ಕ ಪೈಸೆಗೆ ಪೈಸೆ ಸರಿ. ಶಾಂತಮೂರ್ತಿ ಸರ್ "ಮೊದಲನೇ ಮಾರ್ಚಿನಲ್ಲೇ ಇಷ್ಟು ಕ್ಲೀನಾ!" ಎಂದರು. ಆಮೇಲೆ ಒಂದು ವಾರ ಅನ್ನ ಸಾರು ಅಷ್ಟೇ, ಪರವಾಗಿಲ್ಲ.

ನೀವು ಮೆಚ್ಚಿಕೊಳ್ಳುತ್ತೀರಿ ಎಂದು ಬರೆದೆ.

ನಿಮ್ಮ ಮೋನಿ


ಯಳಂದೂರು
12 ಏಪ್ರಿಲ್ 2025

ಮೋನಿಕಾ,

ಮೆಚ್ಚಿಕೊಳ್ಳಲಿಲ್ಲ.

ನೀನು ಆ ದುಡ್ಡನ್ನು ಕದ್ದಿದ್ದರೆ ಯಾರಾದರೂ ಹಿಡಿಯುತ್ತಿದ್ದರು. ನೀನು ಕೊಟ್ಟಿದ್ದೀಯ. ಕೊಟ್ಟವರನ್ನು ಯಾವ ಆಡಿಟರ್ ಹಿಡಿಯುತ್ತಾನೆ? ಕಡಿಮೆ ಬಂದ ದುಡ್ಡಿಗೆ ಒಂದು ಕಾರಣ ಇದ್ದೇ ಇರುತ್ತದೆ. ರಸೀತಿ ತಪ್ಪೋ, ಕೂಡಿದ್ದು ತಪ್ಪೋ, ಮನುಷ್ಯ ತಪ್ಪೋ. ಆ ಕಾರಣ ಕಾಣಿಸುತ್ತಿದ್ದುದು ಆ ಕಡಿಮೆಯಲ್ಲೇ. ಅದನ್ನು ನೀನು ತುಂಬಿಬಿಟ್ಟೆ. ಇನ್ನು ಆ ಕಾರಣ ಯಾರ ತಲೆಯ ಮೇಲೆ ಯಾವಾಗ ಬೀಳುತ್ತದೋ ದೇವರಿಗೇ ಗೊತ್ತು.

ಇದು ನಿಮ್ಮಪ್ಪನ ಮಗ್ಗವಲ್ಲ, ಸರ್ಕಾರದ ಕ್ಯಾಶ್ ಬುಕ್. ಮತ್ತೆ ಆ ಗುರುಮಲ್ಲಪ್ಪನ ಎದುರಿಗೆ ಎಣಿಸದೇ ಇದ್ದದ್ದು ಮರ್ಯಾದೆ ಎಂದುಕೊಂಡಿದ್ದೀಯ. ಎದುರಿಗೆ ಎಣಿಸುವುದೇ ಅವನಿಗೆ ಕೊಡುವ ಮರ್ಯಾದೆ. ಎಣಿಸಿ ಸರಿ ಎಂದರೆ ಅವನು ನಿಶ್ಚಿಂತೆಯಾಗಿ ಮನೆಗೆ ಹೋಗಿ ಮಲಗುತ್ತಾನೆ.

ಈ ಕಾಗದ ತಲುಪಿದ ದಿನವೇ ಪಿಡಿಒಗೆ ಹೇಳು, ಬರವಣಿಗೆಯಲ್ಲಿ ಕೊಡು. ತಡ ಮಾಡಬೇಡ. ನನ್ನ ಮಾತು ಕೇಳು, ತಡ ಮಾಡಬೇಡ.

ಸುಬ್ಬಯ್ಯ


ಕರಡಿಕಲ್ಲುದೊಡ್ಡಿ
2 ಮೇ 2025

ಮಾವನಿಗೆ,

ನಿಮ್ಮ ಕಾಗದ ಓದಿ ನನಗೆ ಅಳು ಬಂತು. ಬಯ್ಯುವುದಕ್ಕೂ ಒಂದು ಮಿತಿ ಇರಬೇಕು. ನನ್ನ ಊಟದ ದುಡ್ಡು ಹಾಕಿದ್ದೇನೆ, ಸರ್ಕಾರದ ದುಡ್ಡು ತಿಂದಿಲ್ಲ.

ಪಿಡಿಒ ಸರ್‌ಗೆ ಹೇಳಲಿಲ್ಲ. ಎರಡು ಸಲ ಬಾಗಿಲ ತನಕ ಹೋದೆ. ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೇನೆ, ಒಂದು ಕಪ್ಪು ಚುಕ್ಕೆ ಬಿದ್ದರೆ ಮನೆಗೆ ಕಳಿಸುತ್ತಾರೆ. ಅಪ್ಪ ಇಡೀ ದೇವಾಂಗ ಪೇಟೆಗೆ ಸಿಹಿ ಹಂಚಿದ್ದಾರೆ. ಈಗಂತೂ ದಿನವೂ ಗುರುಮಲ್ಲಪ್ಪನವರ ಎದುರಿಗೇ ಎಣಿಸುತ್ತೇನೆ. ಅಷ್ಟು ಸಾಕಲ್ಲವೇ?

ಮೋನಿಕಾ


ಕರಡಿಕಲ್ಲುದೊಡ್ಡಿ
3 ಸೆಪ್ಟೆಂಬರ್ 2025

ಪ್ರೀತಿಯ ಮಾವನಿಗೆ,

ನಾಲ್ಕು ತಿಂಗಳು ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಇವತ್ತು ಬರೆಯದೆ ಇರಲಾರೆ.

ನಿನ್ನೆ ಜಮಾಬಂದಿ ಇತ್ತು. ಹೋದ ವರ್ಷದ ಲೆಕ್ಕವನ್ನೆಲ್ಲ ಊರಿನವರ ಮುಂದೆ ಓದಿ ಒಪ್ಪಿಸುವ ದಿನ ಎಂದು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ. ಶಾಮಿಯಾನದ ಕೆಳಗೆ ಇನ್ನೂರು ಜನ! ಕೆಲಸ ಬಿಟ್ಟು ಬಂದು ಕೂತು, ಪೈಪಿಗೆ ಇಷ್ಟು, ಬ್ಲೀಚಿಂಗ್ ಪೌಡರಿಗೆ ಇಷ್ಟು ಎಂದು ಓದಿದ್ದನ್ನೆಲ್ಲ ಕೇಳುತ್ತಾರೆ. "ಎಂಟ್ನೇ ಕಂಬುದ್ ಬಲ್ಬು ಆಕೇ ಇಲ್ವಲ್ಲ ಸಾ" ಎನ್ನುತ್ತಾರೆ. ನಾನು ಬರೆದ ಒಂದೊಂದು ಸಾಲಿಗೂ ಅಲ್ಲಿ ಒಬ್ಬೊಬ್ಬ ಯಜಮಾನ ಕೂತಿದ್ದ ಮಾವ.

ತಾಲ್ಲೂಕಿನಿಂದ ಬಂದಿದ್ದ ಅಧಿಕಾರಿ ಗುರುಪ್ರಕಾಶ್ ಅವರದೊಂದು ಪದ್ಧತಿ. ಪುಸ್ತಕವನ್ನು ಎಲ್ಲೆಲ್ಲೋ ತೆರೆದು ಹತ್ತು ರಸೀತಿ ಆರಿಸಿ, ಹೆಸರು ಕೂಗಿ, ಕಟ್ಟಿದ್ದು ಹೌದಾ ಎಂದು ಕೇಳುತ್ತಾರೆ. ಆರನೆಯದು, "ಶಿವಮ್ಮ, ಮೂರು ವರ್ಷದ ಬಾಕಿ, ಸಾವಿರದ ಎಂಟುನೂರ ಅರವತ್ತು, ಮಾರ್ಚ್ ಇಪ್ಪತ್ತೆಂಟು" ಎಂದರು. ಅದೇ ಮೊತ್ತ, ಅದೇ ದಿನ.

ಶಿವಮ್ಮ ಕೊನೆಯ ಸಾಲಿನಲ್ಲಿದ್ದಳು. ಕೂಲಿ ಮಾಡುವ ಹೆಂಗಸು, ಒಬ್ಬಳೇ ಇದ್ದಾಳೆ, ಅರವತ್ತರ ಮೇಲಿರಬಹುದು. ಎದ್ದು ನಿಂತಳು.

"ನಾ ಕಟ್ನಿಲ್ಲ ಸಾ."

"ಕಟ್ಟಿದ್ದೀಯಮ್ಮ, ನೋಡು, ರಸೀತಿ ಇದೆ."

"ರಸೀತಿ ಇರ್ಬೋದು ಸಾ. ಕಾಸು ಇದ್ದದ್ದು ನನ್ ಸೆರಗ್ನಲ್ಲಿ, ನಂಗೊತ್ತಿಲ್ವಾ? ಗುರುಮಲ್ಲಪ್ನೋರು ರಸೀತಿ ಬರ್ದು ಕೈಗ್ ಕೊಟ್ರು. ಕಾಸ ಬಿಚ್ಚೋ ಹೊತ್ಗೆ ಅಳೀಮಯ್ಯ ಓಡ್ಬಂದ, ಮೊಗಿಗೆ ಜ್ವರ, ಆಸ್ಪತ್ರೆಗ್ ಸೇರ್ಸೀವ್ನಿ ಅಂದ. ರಸೀತಿ ವಾಪಸ್ ಕೊಟ್ಬುಟ್ಟು ಕಾಸು ತಕಂಡು ಓದೆ."

ಪಕ್ಕದವಳು ಸೆರಗು ಜಗ್ಗಿ, "ಸುಮ್ಕಿರಕ್ಕ, ಕಟ್ಟಾಯ್ತು ಅಂತಾವ್ರಲ್ಲ" ಎಂದಳು.

"ಕಟ್ದೇನೆ ಕಟ್ಟಿವ್ನಿ ಅಂತ ಕೂತ್ಕಳಕ್ಕಾದದಾ? ನಾಳಿಕ್ ಇನ್ನೊಬ್ರು ಕಟ್ಟಿದ್ದ ಕಟ್ಟಿಲ್ಲ ಅಂದ್ರೆ ಯಾರ್ ಕೇಳೋರು?" ಎಂದಳು ಶಿವಮ್ಮ.

ಮಾವ, ಅವಳು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಮೂರು ವರ್ಷದ ಬಾಕಿ ತೀರಿದಂತೆಯೇ ಇತ್ತು. ಅವಳಿಗೆ ಅದು ಆರು ದಿನದ ಕೂಲಿ. ಯಾರೂ ಕೇಳುತ್ತಿರಲಿಲ್ಲ.

ಆಗ ಗಲಾಟೆ ಶುರುವಾಯಿತು. ಅವಳು ಕಟ್ಟಿಲ್ಲ, ಆದರೂ ಬ್ಯಾಂಕಿಗೆ ಬಿದ್ದ ದುಡ್ಡು ಸರಿಯಾಗಿದೆ. ಹಾಗಾದರೆ ಆ ದುಡ್ಡು ಯಾರದು? "ರಸೀತಿ ಕೊಡ್ದೆ ಯಾರ್ತಾವೋ ಎತ್ತಿ ಇಲ್ಲಿಗ್ ತುಂಬವ್ನೆ! ಇಂಥವು ಇನ್ನೆಷ್ಟವೋ!" ಎಂದು ಒಬ್ಬ ಕೂಗಿದ. ಗುರುಮಲ್ಲಪ್ಪನವರನ್ನು ಇವತ್ತೇ ತೆಗೆಯಿರಿ ಎಂದು ನಾಲ್ಕು ಜನ ಎದ್ದರು. ಅವರು ಹೆಗಲ ಟವೆಲ್ ಕೈಗೆ ತೆಗೆದುಕೊಂಡು ನಿಂತುಬಿಟ್ಟರು. ಮಾರ್ಚಿನಲ್ಲಿ ಅವಳು ವಾಪಸ್ ಕೊಟ್ಟ ರಸೀತಿ ಜೇಬಿಗೆ ಹಾಕಿಕೊಂಡು, ಪುಸ್ತಕದಲ್ಲಿ ರದ್ದು ಎಂದು ಗೀಟು ಹಾಕುವುದನ್ನು ಆ ಬಿಸಿಲಲ್ಲಿ ಮರೆತಿದ್ದಾರೆ, ಅಷ್ಟೇ. "ಕಾಸು ಕಮ್ಮಿ ಬರ್ಬೇಕಾಗಿತ್ತು ಸಾ, ಎಂಗ್ ಸರಿಯಾಯ್ತೋ ನಂಗೊತ್ತಿಲ್ಲ" ಎಂದರು. ಆಮೇಲೆ ನನ್ನ ಕಡೆ ಕೈ ತೋರಿಸಿ, "ಮೇಡಮ್ಮೋರ ಲೆಕ್ಕ ತಪ್ಪಲ್ಲ. ತಪ್ಪಿದ್ರೆ ನಂದೇ" ಎಂದರು.

ಅವರು ಹಾಗೆನ್ನಬಾರದಿತ್ತು ಮಾವ.

ನಾನು ಎದ್ದು ನಿಂತೆ. ಮೈಕು ಬೇಡ ಎಂದೆ. ಆ ದುಡ್ಡು ನನ್ನದು, ಕಡಿಮೆ ಬಂದಿದ್ದಕ್ಕೆ ನಾನು ಹಾಕಿದೆ, ಯಾರಿಗೂ ಹೇಳಲಿಲ್ಲ, ಗುರುಮಲ್ಲಪ್ಪನವರದು ಏನೂ ಇಲ್ಲ ಎಂದೆ. ಅಧಿಕಾರಿ ಪೆನ್ನು ಕೆಳಗಿಟ್ಟರು. ಮೊದಲು ಬಾಯಿ ಬಿಟ್ಟವಳು ಶಿವಮ್ಮನೇ, ಕೋಪದಲ್ಲಿ.

"ನನ್ ಕಂದಾಯ ನೀ ಯಾಕ್ ಕಟ್ಟುದ್ಯವ್ವಾ? ನಾ ನಿನ್ನ ಕೇಳುದ್ನಾ?"

ಯಾರೋ ನಕ್ಕರು, ಆಮೇಲೆ ತುಂಬ ಜನ ನಕ್ಕರು. ಅಧಿಕಾರಿ ನಗಲಿಲ್ಲ. ಎಲ್ಲವನ್ನೂ ನಡಾವಳಿಯಲ್ಲಿ ಬರೆಸಿ, ನನ್ನ ಸಹಿ ತೆಗೆದುಕೊಂಡರು. ಚಾಮರಾಜನಗರಕ್ಕೆ ವರದಿ ಹೋಗುತ್ತದಂತೆ.

ಏಪ್ರಿಲ್ಲಿನಲ್ಲೇ ನಿಮ್ಮ ಮಾತು ಕೇಳಬೇಕಿತ್ತು.

ಮೋನಿ


ಕರಡಿಕಲ್ಲುದೊಡ್ಡಿ
22 ಸೆಪ್ಟೆಂಬರ್ 2025

ಮಾವನಿಗೆ,

ನೋಟಿಸ್ ಬಂದಿದೆ. ಸೇವೆಯಿಂದ ಏಕೆ ಬಿಡುಗಡೆ ಮಾಡಬಾರದು ಎಂಬುದಕ್ಕೆ ಹದಿನೈದು ದಿನದಲ್ಲಿ ಉತ್ತರ ಕೊಡಬೇಕು. ನೀವು ನನ್ನ ಕಾಗದಕ್ಕೆ ಉತ್ತರ ಬರೆದಿಲ್ಲ. ಅತ್ತೆಗೆ ಫೋನ್ ಮಾಡಿದ್ದೆ. ನಿಮಗೆ ಊಟ ಸೇರುತ್ತಿಲ್ಲವಂತೆ, ಯಾರೊಂದಿಗೂ ಮಾತಿಲ್ಲವಂತೆ. ನನ್ನ ಮೇಲೆ ಅಷ್ಟು ಬೇಸರವೇ?

ಬೇಸರ ಇದ್ದರೂ ಇರಲಿ, ಏನು ಬರೆಯಲಿ ಎಂದು ಮಾತ್ರ ತಿಳಿಸಿ. ಅಪ್ಪನಿಗೆ ಇನ್ನೂ ಹೇಳಿಲ್ಲ.

ಮೋನಿ


ಯಳಂದೂರು
26 ಸೆಪ್ಟೆಂಬರ್ 2025

ಮಗಳೇ,

ನಿನ್ನ ಮೇಲೆ ಬೇಸರವಲ್ಲ.

ಉತ್ತರ ಅರ್ಧ ಪುಟ ಮೀರಬಾರದು. ಆದದ್ದನ್ನು ಆದ ಹಾಗೆ, ತಾರೀಕು ಸಹಿತ ಬರೆ. ಅನುಭವ ಇರಲಿಲ್ಲ, ವಯಸ್ಸು ಚಿಕ್ಕದು, ಕ್ಷಮಿಸಿ ಎಂದೆಲ್ಲ ಬರೆಯಬೇಡ. ಗುರುಮಲ್ಲಪ್ಪ ನಿರಪರಾಧಿ ಎಂಬುದನ್ನು ಮೊದಲನೆಯ ಸಾಲಿನಲ್ಲೇ ಹಾಕು. ನಿಮ್ಮಪ್ಪನಿಗೂ ನೀನೇ ಹೇಳು.

ಇನ್ನೊಂದು. ಏಪ್ರಿಲ್ಲಿನಲ್ಲಿ ನಾನು ಹಾಗೇಕೆ ಬೈದೆ ಎಂದು ನಿನಗೆ ತಿಳಿಯಬೇಕು. 1997ರಲ್ಲಿ, ಊರಿನ ಹೆಸರು ಬೇಡ, ಸಂತೆ ಸುಂಕದಲ್ಲಿ ಮುನ್ನೂರ ನಲವತ್ತು ರೂಪಾಯಿ ಕಡಿಮೆ ಬಂತು. ನಾನು ಹಾಕಿದೆ. ನಾನೂ ಮಗ್ಗದ ಮನೆಯಲ್ಲೇ ಹುಟ್ಟಿದವನು. ಆರು ತಿಂಗಳಿಗೆ ಆಡಿಟ್ ಬಂತು, ರದ್ದಾಗಬೇಕಿದ್ದ ಒಂದು ರಸೀತಿ ಸಿಕ್ಕಿತು, ದುಡ್ಡು ಮಾತ್ರ ಸರಿಯಿತ್ತು. ಅನುಮಾನ ಬಿದ್ದದ್ದು ಸುಂಕ ಎತ್ತುತ್ತಿದ್ದ ಕೆಂಪನಂಜಪ್ಪನ ಮೇಲೆ. ದಿನಗೂಲಿಯವನು, ಅವನಿಗೆ ವಿಚಾರಣೆಯೂ ಇಲ್ಲ, ನೋಟಿಸೂ ಇಲ್ಲ. ನಾಳೆಯಿಂದ ಬರಬೇಡ ಎಂದರು. ನಾನು ಆಡಿಟರ ಪಕ್ಕದ ಕುರ್ಚಿಯಲ್ಲೇ ಕೂತಿದ್ದೆ. ಆ ವರ್ಷ ನನ್ನ ಬಡ್ತಿಯ ಫೈಲ್ ಓಡುತ್ತಿತ್ತು.

ನಾನು ಏಳಲಿಲ್ಲ. ಬಡ್ತಿ ಬಂತು. ರಿಟೈರ್ ಆದ ದಿನ ಶಾಲು ಹೊದಿಸಿ, ಒಂದು ರೂಪಾಯಿ ಆಕ್ಷೇಪಣೆ ಇಲ್ಲದ ಮನುಷ್ಯ ಎಂದು ಭಾಷಣ ಮಾಡಿದರು. ಅದನ್ನು ನೀನೂ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೀಯ. ಲೆಕ್ಕದ ಕೆಲಸಕ್ಕೇ ಸೇರುತ್ತೇನೆ ಎಂದು ನೀನು ಹಟ ಹಿಡಿದದ್ದು ಆವತ್ತಿನಿಂದ.

ನಿನ್ನ ಜಮಾಬಂದಿಯ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಶಿವಮ್ಮ ಎದ್ದಳು, ನೀನು ಎದ್ದೆ. ಒಂದು ಕೂಲಿ ಹೆಂಗಸು, ಒಂದು ಎಂಟು ತಿಂಗಳ ಸರ್ವೀಸಿನ ಹುಡುಗಿ! ಈ ಚಿಹ್ನೆ ನಾನೇ ಹಾಕಿದ್ದು, ತಿಳಿದೇ ಹಾಕಿದ್ದು.

ಸುಬ್ಬಯ್ಯ


ಕರಡಿಕಲ್ಲುದೊಡ್ಡಿ
30 ನವೆಂಬರ್ 2025

ಪ್ರೀತಿಯ ಮಾವನಿಗೆ,

ಆದೇಶ ಬಂತು. ಕೆಲಸ ಉಳಿಯಿತು! ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ, ಸೇವಾ ಪುಸ್ತಕದಲ್ಲಿ ಎಚ್ಚರಿಕೆ. ಅದು ಕೊನೆಯವರೆಗೂ ಅಲ್ಲೇ ಇರುತ್ತದಂತೆ, ಮುಂದೆ ಯಾವ ಬಡ್ತಿಗೆ ಹೋದರೂ ಮೊದಲು ಅದನ್ನೇ ಓದುತ್ತಾರಂತೆ. ಇರಲಿ. ಅಪ್ಪನಿಗೆ ಎಲ್ಲ ಹೇಳಿದೆ. "ಆ ಯಮ್ಮನ್ಗೊಂದು ಸೀರೆ ಕೊಡಾನ ಕಣವ್ವ" ಎಂದರು. ಬೇಡಪ್ಪ, ಅವಳು ನಿನ್ನನ್ನೂ ಬೈದಾಳು ಎಂದೆ.

ಗುರುಮಲ್ಲಪ್ಪನವರು ಕೆಲಸದಲ್ಲಿದ್ದಾರೆ. ಶಿವಮ್ಮ ಮೊನ್ನೆ ಮುನ್ನೂರು ರೂಪಾಯಿ ತಂದು ಮೊದಲ ಕಂತು ಕಟ್ಟಿದಳು. ರಸೀತಿಯನ್ನು ಅವರ ಕೈಲಿ ಒಂದು ಸಲ, ನನ್ನ ಕೈಲಿ ಒಂದು ಸಲ ಓದಿಸಿಕೊಂಡೇ ಹೋದಳು.

ಅಕೌಂಟ್ಸ್ ಹೈಯರ್ ಪರೀಕ್ಷೆಗೆ ಓದುತ್ತಿದ್ದೇನೆ, ಅರ್ಜಿ ಕರೆದ ದಿನವೇ ಹಾಕುತ್ತೇನೆ. ನಿಮ್ಮ ಸೆಪ್ಟೆಂಬರಿನ ಕಾಗದದ ಬಗ್ಗೆ ಏನು ಬರೆಯಬೇಕೋ ತಿಳಿಯದೆ ಎರಡು ತಿಂಗಳು ಸುಮ್ಮನಿದ್ದೆ. ಕೆಂಪನಂಜಪ್ಪನವರು ಎಲ್ಲಿದ್ದಾರೆ ಮಾವ?

ನಿಮ್ಮ ಮೋನಿ


ಯಳಂದೂರು
14 ಡಿಸೆಂಬರ್ 2025

ಚಿ. ಮೋನಿಗೆ,

ಬಂಡಳ್ಳಿಯಲ್ಲಿದ್ದಾನೆ. ಮಾವನ ಮನೆಯವರ ಎರಡು ಎಕರೆ ನೋಡಿಕೊಂಡು ಅಲ್ಲೇ ನಿಂತುಬಿಟ್ಟಿದ್ದಾನೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಕೊಳ್ಳೇಗಾಲದಲ್ಲಿ ಬಸ್ ಹತ್ತಿದರೆ ಎಷ್ಟು ದೂರ? ನಿನ್ನೆ ಹೋದೆ.

ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದ. ತಲೆ ಪೂರಾ ಬೆಳ್ಳಗಾಗಿದೆ. ಕೂಡಲೇ ಗುರುತು ಹಿಡಿದ. "ಬನ್ನಿ ಸಾ" ಎಂದು ಎದ್ದು ಚಾಪೆ ಹಾಸಿ, ಮತ್ತೆ ಕಾಯಿಯ ಮುಂದೆ ಕೂತ. ನಾನು ಕೂರಲಿಲ್ಲ, ನಿಂತೇ ಹೇಳಿದೆ. ಆವತ್ತಿನ ಮುನ್ನೂರ ನಲವತ್ತು ಹಾಕಿದ್ದು ನಾನೇ, ಕೆಂಪನಂಜಪ್ಪ, ಎಂದೆ.

ಅವನು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಸಾ" ಎಂದ.

"ಯಾವಾಗಿನಿಂದ?"

"ಆವತ್ತಿಂದ್ಲೇಯ. ಕಮ್ಮಿಯಾಗ್ಬೇಕಾದ್ ಕಾಸು ಕಮ್ಮಿಯಾಗ್ನಿಲ್ಲ ಅಂದ್ರೆ ತುಂಬ್ದೋರು ಇನ್ಯಾರು? ಬೀರು ಬೀಗ ಇದ್ದದ್ದು ನಿಮ್ತಾವ್ಲೇ."

"ಮತ್ತೆ ಆಡಿಟರ ಮುಂದೆ ಯಾಕೆ ಹೇಳಲಿಲ್ಲ?"

ಆಗ ಮುಖ ಎತ್ತಿ ನನ್ನನ್ನು ನೋಡಿದ. ಕೋಪ ಇರಲಿಲ್ಲ ಮೋನಿ, ಇದ್ದಿದ್ದರೆ ಚೆನ್ನಾಗಿತ್ತು.

"ನೀವು ಏಳ್ತೀರಿ ಅಂತ ಕಾಯ್ತಿದ್ದೆ ಸಾ" ಎಂದ.

ಅಂಗಳದಲ್ಲೇ ಕೂತು ಅತ್ತುಬಿಟ್ಟೆ. ಅವನ ಹೆಂಡತಿ ಒಳಗಿನಿಂದ ಬಂದು ಏನಾಯಿತು ಎಂದು ಕೇಳಿದಳು. "ಏನಿಲ್ಲ, ನಮ್ ಸಾಯೇಬ್ರು. ಎರ್ಡ್ ಮುದ್ದೆ ಜಾಸ್ತಿ ತೊಳ್ಸು" ಎಂದ. ಅವನ ಪಕ್ಕದಲ್ಲಿ ಕೂತು ಊಟ ಮಾಡಿ, ಐದು ಗಂಟೆಯ ಬಸ್ಸಿಗೆ ಬಂದೆ.

ನಿನ್ನ ಮಾವ,
ಸುಬ್ಬಯ್ಯ